ನನ್ನ ಸೊಂಟವೇ ಗಾಡಿಯಾಗಿದ್ದ ವರ್ಷ

ನನ್ನ ಮೊಮ್ಮಗಳು ಸಾನ್ವಿಗೆ ಈಗ ಹನ್ನೊಂದು ತಿಂಗಳು. ಅವಳ ಸುದ್ದಿ ಹೇಳಲು ಕೂತರೆ ಎಲ್ಲಿ ನಿಲ್ಲಿಸಬೇಕು ಅನ್ನುವುದು ನನಗೆ ತಿಳಿಯುವುದಿಲ್ಲ. ಕೇಳುವವರು ಎದ್ದು ಹೋದರೂ ಗೋಡೆಗೆ ಹೇಳುತ್ತಿರುತ್ತೇನೆ. ಆ ಹಣೆ, ಆ ಎರಡು ಹಲ್ಲು, ನನ್ನ ಮೂಗುಬೊಟ್ಟು ಹಿಡಿದು ಜಗ್ಗುವ ಆ ಕೈ. ಹೊಸಪೇಟೆಯ ಈ ಮನೆಯಲ್ಲಿ ನಾವು ನಾಲ್ಕು ಜನ ಇದ್ದರೂ ಜಾಗವೆಲ್ಲ ಅವಳದೇ. ಅವಳಿಗೊಂದು ತಳ್ಳುವ ಗಾಡಿ ಇದೆ, ಮಡಚಿದರೆ ಕೊಡೆಯ ಹಾಗೆ ಬಾಗಿಲ ಹಿಂದೆ ನಿಲ್ಲುತ್ತದೆ. ಉಣ್ಣಲು ಎತ್ತರದ ಕುರ್ಚಿ, ಅದಕ್ಕೊಂದು ಪಟ್ಟಿ, ಮುಂದೊಂದು ತಟ್ಟೆ. ಅದರಲ್ಲಿ ಕೂತು ಅವಳು ಅನ್ನ ಚೆಲ್ಲುವ ಗತ್ತು ನೋಡಿದರೆ ಪಂಚಾಯಿತಿ ಅಧ್ಯಕ್ಷೆ ಅನ್ನಬೇಕು. ಕಾರಿನಲ್ಲಿ ಕೂರಲು ಬೇರೆ ಕುರ್ಚಿ. ಎದೆಗೆ ಕಟ್ಟಿಕೊಳ್ಳುವ ಚೀಲವೂ ಒಂದಿದೆ. ನನ್ನ ಮಗ ಅದರಲ್ಲಿ ಕೂಸನ್ನು ಇಳಿಬಿಟ್ಟುಕೊಂಡು ತರಕಾರಿ ತರಲು ಹೋದ ದಿನ ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಗಂಡಸು ಬಸುರಿಯಾದ ಹಾಗೆ ಕಾಣುತ್ತೀಯಲ್ಲೋ ಅಂದೆ. ಅವನೂ ನಕ್ಕ, ಕೂಸೂ ನಕ್ಕಿತು.

ಹೋದ ತಿಂಗಳು ಸೊಸೆ ಇನ್ನೊಂದು ವಸ್ತು ತರಿಸಿದಳು. ಅಗಲವಾದ ಪಟ್ಟಿ, ಅದರ ಬದಿಗೆ ಕೂಸನ್ನು ಕೂರಿಸಲು ಮೆತ್ತನೆಯ ಪುಟ್ಟ ಪೀಠ. ಸೊಸೆಗೆ ತೋರಣಗಲ್ಲಿನ ಕಡೆ ಒಂದು ಕಾರ್ಖಾನೆಯ ಕಚೇರಿಯಲ್ಲಿ ಕೆಲಸ. ಗಂಡ ಹೆಂಡತಿ ಬೆಳಿಗ್ಗೆ ಎಂಟಕ್ಕೆ ಹೊರಟರೆ ಮನೆಯಲ್ಲಿ ಉಳಿಯುವುದು ನಾನು ಮತ್ತು ಸಾನ್ವಿ. ಹೊತ್ತು ಹೊತ್ತು ಮುದುಕಿಯ ನಡ ಹೋಗುತ್ತದೆ ಅನ್ನುವ ಚಿಂತೆ ಅವಳಿಗೆ.

"ಅತ್ತಿ, ಇದನ್ನ ನಡಕ್ಕ ಕಟ್ಟಿಗೊಂಡು ಇದರ ಮ್ಯಾಲ ಕುಂದ್ರಸ್ರಿ. ಭಾರ ನಿಮಗ ಹತ್ತಂಗಿಲ್ಲ."

ಅವಳೇ ಕಟ್ಟಿದಳು, ಅವಳೇ ಕೂರಿಸಿದಳು. ನಿಜಕ್ಕೂ ಭಾರ ಗೊತ್ತಾಗಲಿಲ್ಲ. ಅವರು ಕೆಲಸಕ್ಕೆ ಹೋದ ಮೇಲೆ ಪಟ್ಟಿ ಬಿಚ್ಚಿಟ್ಟು, ಕೂಸನ್ನು ಬರಿ ಸೊಂಟಕ್ಕೇ ಏರಿಸಿಕೊಂಡೆ. ನನ್ನ ಎಡಸೊಂಟ ಬಲದ್ದಕ್ಕಿಂತ ಒಂದು ಬೆರಳು ಹೊರಗಿದೆ. ಸೀರೆ ಉಟ್ಟರೆ ನೆರಿಗೆ ಒಂದು ಕಡೆ ಮೇಲೇಳುತ್ತದೆ, ಗಂಡ ಇದ್ದಾಗ ಅದನ್ನೇ ಆಡಿಕೊಳ್ಳುತ್ತಿದ್ದರು. ಹುಟ್ಟಿದಾಗ ಹಾಗಿರಲಿಲ್ಲ. ಎಂಟನೆಯ ವಯಸ್ಸಿನಲ್ಲಿ ಅದರ ಮೇಲೆ ನನ್ನ ತಮ್ಮ ಬಸು ಹೆಚ್ಚುಕಡಿಮೆ ಒಂದು ವರ್ಷ ಕೂತಿದ್ದ.

ಆಗ ನಾವು ಸಂಡೂರು ಕಡೆಯ ಬಂಡ್ರಿಯಲ್ಲಿದ್ದೆವು. ಒಂದೇ ಕೋಣೆಯ ಮನೆ. ಮಣ್ಣಿನ ಗೋಡೆ, ತಗಡಿನ ಮಾಡು, ಸಗಣಿ ಸಾರಿಸಿದ ನೆಲ. ಒಂದು ಮೂಲೆಗೆ ಒಲೆ, ಇನ್ನೊಂದು ಮೂಲೆಗೆ ಜೋಳದ ದೊಡ್ಡ ಗಡಿಗೆ, ನಡುವಿನ ತೊಲೆಗೆ ಅವ್ವನ ಹಳೆಯ ಸೀರೆಯಲ್ಲಿ ಕಟ್ಟಿದ ಜೋಲಿ. ಮನೆಯ ಮುಂದಿನ ದಾರಿಯಲ್ಲಿ ಅದಿರಿನ ಲಾರಿಗಳು ಹಗಲೆಲ್ಲ ಹೋಗುತ್ತಿದ್ದವು, ಹೋದಷ್ಟೂ ಕೆಂಪು ಧೂಳು ಒಳಗೆ ಬರುತ್ತಿತ್ತು. ಬೆಳಿಗ್ಗೆ ಗುಡಿಸಿದ ನೆಲ ಮಧ್ಯಾಹ್ನಕ್ಕೆ ಮತ್ತೆ ಕೆಂಪು. ರೊಟ್ಟಿಯ ಮೇಲೆ, ಕುಡಿಯುವ ನೀರಿನ ಮೇಲೆ, ಮಲಗಿದ ಕೂಸಿನ ರೆಪ್ಪೆಯ ಮೇಲೆ ಅದೇ ಬಣ್ಣ. ಬಿಳಿ ಬಟ್ಟೆ ಅನ್ನುವುದು ಅಂಗಡಿಯಲ್ಲಿ ಇರುವ ತನಕ ಮಾತ್ರ ಬಿಳಿ. ಅಪ್ಪ ಗಣಿಯ ಲಾರಿ ಗ್ಯಾರೇಜಿನಲ್ಲಿ ಹೆಲ್ಪರ್. ಅವ್ವ ಅದಿರು ಒಡೆದು ಬುಟ್ಟಿಯಲ್ಲಿ ಹೊತ್ತು ಲಾರಿಗೆ ತುಂಬುವ ಹೆಂಗಸರ ಗುಂಪಿನಲ್ಲಿದ್ದಳು. ಬಸುವಿಗೆ ಮೂರು ತಿಂಗಳು ತುಂಬಿದ್ದೇ ಅವ್ವ ಅವನಿಗೆ ತಲೆ ಬೆನ್ನು ಮುಚ್ಚುವ ಕುಂಚಿಗೆ ತೊಡಿಸಿ ಗಣಿಗೇ ಎತ್ತಿಕೊಂಡು ಹೋಗತೊಡಗಿದಳು. ಅಲ್ಲೊಂದು ಬೇವಿನ ಮರ ಇತ್ತಂತೆ, ಅದರ ಕೊಂಬೆಗೆ ಜೋಲಿ ಕಟ್ಟಿ ಮಲಗಿಸುವುದು, ಬುಟ್ಟಿ ಇಳಿಸಿ ಬರುವಾಗೊಮ್ಮೆ ತೂಗುವುದು. ಒಂದು ದಿನ ಹಿಂದಕ್ಕೆ ಸರಿಯುತ್ತಿದ್ದ ಲಾರಿ ಆ ಕೊಂಬೆಗೆ ತಾಗಿತು. ಜೋಲಿ ಗರಗರ ಸುತ್ತಿತು, ಕೂಸಿಗೆ ಏನೂ ಆಗಲಿಲ್ಲ. ಆದರೆ ಮೇಸ್ತ್ರಿ ನಾಳೆಯಿಂದ ಕೂಸುಗಳನ್ನು ತರುವ ಹಾಗಿಲ್ಲ ಎಂದು ಹೇಳಿಬಿಟ್ಟ. ಅವ್ವ ಕೆಲಸ ಬಿಟ್ಟರೆ ಒಲೆ ಹೊತ್ತುವುದಿಲ್ಲ. ನಾನು ಎರಡನೆಯ ಇಯತ್ತೆಯ ನಡುವಿನಲ್ಲಿದ್ದೆ. ಆ ಸಂಜೆ ಅಪ್ಪ ನನ್ನನ್ನು ಹತ್ತಿರ ಕೂರಿಸಿಕೊಂಡು, ಮುಖ ನೋಡದೆ, ನೆಲ ಕೆರೆಯುತ್ತ ಹೇಳಿದ:

"ಇವನಿಗೆ ಕಾಲು ಬರೋ ಮಟ ಅಷ್ಟ, ನೀಲಿ. ಇವ ನಡದ ದಿನ ನಿನ್ನ ಪಾಟಿಚೀಲ ನಾನ ಹೊತ್ತುಗೊಂಡು ಬಂದು ಸಾಲ್ಯಾಗ ಬಿಡ್ತೀನಿ."

ಮಾಸ್ತರರೂ ಒಳ್ಳೆಯವರೇ. ಬರುವ ಕಾರಹುಣ್ಣಿಮೆಯೊಳಗೆ ಬಂದರೆ ಗೆಳತಿಯರ ಜೊತೆಗೇ ಕೂರಿಸುತ್ತೇನೆ, ದಾಟಿದರೆ ಹೆಸರು ಹೊಡೆದುಹಾಕಬೇಕಾಗುತ್ತದೆ ಅಂದರು. ಹಾಗಾಗಿ ನನ್ನ ಓದು ಎರಡು ಸಣ್ಣ ಕಾಲಿನ ಮೇಲೆ ನಿಂತಿತು. ಆ ಕಾಲುಗಳಿಗೆ ಇನ್ನೂ ನಿಲ್ಲಲು ಬರುತ್ತಿರಲಿಲ್ಲ.

ಬೆಳಿಗ್ಗೆ ಆರಕ್ಕೆ ಕೂಲಿಯವರನ್ನು ಒಯ್ಯುವ ಲಾರಿ ಎರಡು ಸಲ ಹಾರ್ನ್ ಹಾಕುತ್ತಿತ್ತು. ಮೊದಲ ಹಾರ್ನಿಗೆ ಅವ್ವ ಬಸುವಿಗೆ ಹಾಲೂಡಿಸುವುದನ್ನು ಬಿಡಿಸುವಳು, ಎರಡನೆಯದಕ್ಕೆ ಅವನು ನನ್ನ ಸೊಂಟದ ಮೇಲೆ. ಆಮೇಲೆ ಓಣಿ ಖಾಲಿ. ದೊಡ್ಡವರೆಲ್ಲ ಗಣಿಗೆ, ಹುಡುಗರೆಲ್ಲ ಶಾಲೆಗೆ. ಬುಟ್ಟಿಯಲ್ಲಿ ನಾಲ್ಕು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ತಂಬಿಗೆ ಮಜ್ಜಿಗೆ, ಒಂದು ಲೋಟ ಹಾಲು ಇರುತ್ತಿದ್ದವು. ನಾನು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಬೆರಳಲ್ಲಿ ಕಿವುಚಿ ಅವನ ಬಾಯಿಗಿಡುತ್ತಿದ್ದೆ. ಅವನು ಉಗುಳಿದ್ದನ್ನು ನಾನು ತಿನ್ನುತ್ತಿದ್ದೆ. ಜೋಲಿ ತೂಗಿ ತೂಗಿ ಕೈ ನೋವು ಬಂದರೆ ಹಗ್ಗ ಕಟ್ಟಿ ಕಾಲಿನಲ್ಲಿ ಎಳೆಯುತ್ತಿದ್ದೆ. ತಗಡಿನ ತೂತುಗಳಿಂದ ಬಿಸಿಲು ನೆಲಕ್ಕೆ ದುಡ್ಡಿನ ಹಾಗೆ ಬೀಳುತ್ತಿತ್ತು. ಆ ಬಿಸಿಲಿನ ಬಿಲ್ಲೆ ಒಲೆಯಿಂದ ಗಡಿಗೆಯ ತನಕ ಸರಿದರೆ ಅರ್ಧ ದಿನ ಕಳೆಯಿತು ಅಂತ. ಮಾತಾಡಲು ಯಾರೂ ಇಲ್ಲ. ಗಾಳಿ ನಮ್ಮ ಕಡೆ ಬೀಸಿದರೆ ಶಾಲೆಯ ಮಗ್ಗಿ ಕೇಳುತ್ತಿತ್ತು. ಬಸುವನ್ನು ಸೊಂಟದಲ್ಲಿ ಕುಣಿಸುತ್ತ ನಾನೂ ಹೇಳುತ್ತಿದ್ದೆ, ಎರಡರದು, ಮೂರರದು, ಏಳರದು. ಅವರು ಎಂಟರ ಮಗ್ಗಿಗೆ ಹೋದ ದಿನ ನನ್ನ ಬಾಯಿ ನಿಂತಿತು. ಅಲ್ಲಿಂದ ಮುಂದೆ ಅವರು ಅವರ ಪಾಡಿಗೆ ಹೋದರು. ಗೆಳತಿ ಗಂಗಿ ಮೊದಮೊದಲು ಶಾಲೆಗೆ ಹೋಗುವಾಗ ಬಾಗಿಲಲ್ಲಿ ನಿಂತು ಬಸುವಿನ ಕೆನ್ನೆ ಚಿವುಟಿ ಹೋಗುತ್ತಿದ್ದಳು. ಆಮೇಲೆ ಕೈ ಬೀಸುತ್ತಿದ್ದಳು. ಆಮೇಲೆ ಬೇರೆ ಹುಡುಗಿಯರ ಜೊತೆ ಓಡುತ್ತಿದ್ದಳು. ಎದುರು ಮನೆಯ ಕಟ್ಟೆಯಲ್ಲಿ ಹುಲಿಗೆವ್ವ ಅನ್ನುವ ಮುದುಕಿ ತಂಬಾಕು ಅಗಿಯುತ್ತ ಕೂತಿರುತ್ತಿದ್ದಳು. ದಿನಕ್ಕೊಂದು ಮಾತು ಎಸೆಯುವಳು, ಅದೇ ನನಗೆ ಹಬ್ಬ.

"ಏನ್ಲೇ ನೀಲಿ, ತಮ್ಮನ್ನ ನಡಕ್ಕ ಮೊಳಿ ಹೊಡದು ಕುಂದ್ರಿಸೀಯೇನು? ನಿನ್ನ ಮದುವ್ಯಾಗೂ ಹಿಂಗ ಹೊತ್ತುಗೊಂಡ ಅಕ್ಕಿಕಾಳು ಹಾಕಿಸಿಗೊಳ್ತಿ ನೋಡು."

ಅವನಿಗೆ ಬೇಗ ಕಾಲು ಬರಲಿ ಎಂದು ನಾನು ಮಾಡದ್ದಿಲ್ಲ. ಹುಲಿಗೆವ್ವ ಹೇಳಿದಂತೆ ಕುಸುಬೆ ಎಣ್ಣೆ ಬಿಸಿ ಮಾಡಿ ತೊಡೆಯಿಂದ ಹಿಮ್ಮಡಿಯ ತನಕ ತಿಕ್ಕುತ್ತಿದ್ದೆ. ಹಿತ್ತಲಲ್ಲಿ ಮೊಳದಷ್ಟು ತೆಗ್ಗು ತೋಡಿ, ಮರಳು ತುಂಬಿ, ಅದರಲ್ಲಿ ಅವನನ್ನು ಸೊಂಟಮಟ್ಟ ನಿಲ್ಲಿಸಿ ಎದುರು ಕೂರುತ್ತಿದ್ದೆ. ಅವನು ಅಳುತ್ತಿದ್ದ, ನಾನು ಎಂಟರ ಮಗ್ಗಿ ಯಾರ ಹತ್ತಿರ ಕಲಿಯಲಿ ಎಂದು ಯೋಚಿಸುತ್ತಿದ್ದೆ.

ಕಾರಹುಣ್ಣಿಮೆಗೆ ಇನ್ನೂ ಹದಿನೈದು ದಿನ ಇರುವಾಗ, ಒಂದು ಮಧ್ಯಾಹ್ನ, ಅವನು ಬಾಗಿಲ ಚೌಕಟ್ಟು ಹಿಡಿದು ನಿಂತವನು ಕೈ ಬಿಟ್ಟ. ಬಿಟ್ಟು ನನ್ನ ಕಡೆ ನಡೆದು ಬಂದ. ಬಂದು ನನ್ನ ಮೇಲೆ ಬಿದ್ದು, ಏನೋ ಕದ್ದು ತಂದವನ ಹಾಗೆ ನಕ್ಕ. ಓಣಿಗೆ ಓಡಿ ಕೂಗಬೇಕು ಅನ್ನಿಸಿತು, ಎದ್ದೆ ಕೂಡ. ಹುಲಿಗೆವ್ವನೂ ಅಂದು ಕಟ್ಟೆಯಲ್ಲಿರಲಿಲ್ಲ. ಹಾಗೇ ಒಳಗೆ ಬಂದು ಅವನನ್ನು ಮತ್ತೆ ಚೌಕಟ್ಟಿಗೆ ನಿಲ್ಲಿಸಿದೆ. ಮತ್ತೆ ಬಂದ. ಆ ಮಧ್ಯಾಹ್ನ ಎಷ್ಟು ಸಲವೋ ಲೆಕ್ಕವಿಲ್ಲ.

ಸಂಜೆ ಹೇಳಬೇಕೆಂದೇ ಇದ್ದೆ. ಹೇಗೆ ಹೇಳುವುದು ಎಂದು ಮಾತು ಕೂಡ ಜೋಡಿಸಿಕೊಂಡಿದ್ದೆ. ಅವ್ವ ಬಂದಳು, ಕೈಕಾಲು ತೊಳೆದಳು, ನನ್ನ ಸೊಂಟದಿಂದ ಅವನನ್ನು ಎತ್ತಿಕೊಂಡು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಅವನು ಅವಳ ಎದೆಯಲ್ಲಿ ಮುಖ ಹುದುಗಿಸಿದ, ತಿರುಗಿ ನನ್ನನ್ನು ನೋಡಲಿಲ್ಲ. ಆ ಗಳಿಗೆಯಲ್ಲಿ ನಾನು ಮನೆಯಲ್ಲಿ ಇದ್ದೇನೋ ಇಲ್ಲವೋ ಎಂದು ನನಗೇ ಅನುಮಾನ ಬಂತು. ನಾಳೆ ಹೇಳಿದರಾಯಿತು ಅಂದುಕೊಂಡೆ. ಮರುದಿನವೂ ಅದನ್ನೇ ಅಂದುಕೊಂಡೆ. ಶಾಲೆ ಬೇಡವಾಗಿರಲಿಲ್ಲ, ಈಗಲೂ ಆಣೆ ಮಾಡಿ ಹೇಳುತ್ತೇನೆ. ಆದರೆ ಅಲ್ಲಿ ಹೋದರೆ ಗಂಗಿಯ ಪಕ್ಕ ಬೇರೆಯವಳು ಕೂತಿರುತ್ತಾಳೆ, ಮಾಸ್ತರರು ಎಂಟರ ಮಗ್ಗಿ ಕೇಳುತ್ತಾರೆ, ಎಲ್ಲರೂ ನನ್ನ ಬಾಯಿ ನೋಡುತ್ತಾರೆ. ಇಲ್ಲಿ ಇವನೊಬ್ಬ ಇದ್ದ, ನನ್ನ ಕಡೆಗೆ ಮಾತ್ರ ನಡೆದು ಬರುವವನು. ಹೇಳಿದ ದಿನದಿಂದ ಎಲ್ಲರ ಕಡೆಗೂ ನಡೆಯುತ್ತಾನೆ. ಹಗಲು ಬಾಗಿಲ ಅಗಳಿ ಹಾಕಿ ಅವನನ್ನು ನಡೆಸುತ್ತಿದ್ದೆ. ಅವನ ಹೆಜ್ಜೆ ಕೆಂಪು ಧೂಳಿನಲ್ಲಿ ಅಚ್ಚೊತ್ತಿದ ಹಾಗೆ ಮೂಡುತ್ತಿದ್ದವು. ಸಂಜೆಯ ಲಾರಿ ಬರುವ ಮೊದಲೇ ಕಸಬರಿಗೆ ಹಿಡಿದು ನೆಲ ಗುಡಿಸಿ, ಅವನನ್ನು ಸೊಂಟಕ್ಕೇರಿಸಿ ನಿಂತುಬಿಡುತ್ತಿದ್ದೆ. ಅವನು ಇಳಿಯಲು ಒದ್ದಾಡುತ್ತಿದ್ದ, ನಾನು ಬಿಡುತ್ತಿರಲಿಲ್ಲ. ಅವ್ವ ಆ ದಿನಗಳಲ್ಲಿ ನಾನು ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತಿದ್ದಳು. ಕಸ ತೆಗೆಯಲೂ ಬರುವುದಿಲ್ಲ ನಿನಗೆ ಎಂದು ಒಂದೆರಡು ಸಲ ಗೊಣಗಿದಳು. ನನಗೆ ಅದಕ್ಕೂ ಅಳು ಬಂತು.

ಕಾರಹುಣ್ಣಿಮೆ ಬಂತು. ಕೊಂಬಿಗೆ ಬಣ್ಣ ಹಚ್ಚಿದ ಎತ್ತುಗಳು ಓಣಿಯಲ್ಲಿ ಓಡಿದವು. ನಾನು ಬಸುವನ್ನು ಹೊತ್ತುಕೊಂಡೇ ನೋಡಿದೆ. ಆ ವಾರ ಮಾಸ್ತರರು ನನ್ನ ಹೆಸರಿನ ಮೇಲೆ ಗೀಟು ಎಳೆದರಂತೆ, ಗಂಗಿ ಬಂದು ಹೇಳಿ ಹೋದಳು. ಆಮೇಲೆ ಹೇಳುವುದಕ್ಕೆ ಇನ್ನೂ ಕಷ್ಟವಾಯಿತು, ಯಾವಾಗಿನಿಂದ ಎಂದು ಕೇಳಿದರೆ ಏನು ಹೇಳಲಿ. ಅಷ್ಟರಲ್ಲಿ ಓಣಿಯಲ್ಲಿ ಬೇರೆ ಮಾತು ಹುಟ್ಟಿತು. ವರ್ಷ ದಾಟಿ ಮೂರು ತಿಂಗಳಾದರೂ ಹುಡುಗನಿಗೆ ಕಾಲು ಬಂದಿಲ್ಲ, ಹಗಲೆಲ್ಲ ಜೋಲಿಯಲ್ಲಿ ಮುದುರಿ ಹಾಕಿ ಹೋದರೆ ಇನ್ನೇನಾಗುತ್ತದೆ, ತಾಯಿಯೇ ಅವನನ್ನು ಕುಂಟ ಮಾಡಿದಳು ಎಂದು. ನೀರು ತುಂಬುವಲ್ಲಿ ಅವ್ವನ ಎದುರಿಗೇ ಅಂದರು. ಅವ್ವ ತಲೆ ತಗ್ಗಿಸಿ ಕೊಡ ತುಂಬಿಕೊಂಡಳು. ತಗ್ಗಿದ ಆ ತಲೆಯನ್ನು ನಾನು ನೋಡಿದೆ. ನೋಡಿಯೂ ಹೇಳಲಿಲ್ಲ.

ಅಪ್ಪನಿಗೆ ಆ ಮಾತು ತಡೆಯಲಾಗಲಿಲ್ಲ. ಗ್ಯಾರೇಜಿನಿಂದ ಲಾರಿಯ ಮೂರು ಹಳೆಯ ಬೇರಿಂಗ್ ತಂದ, ಸಾಮಾನಿನ ಪೆಟ್ಟಿಗೆ ಒಡೆದು ಹಲಗೆ ಮಾಡಿದ. ರಜೆಯ ದಿನವೆಲ್ಲ ಕೂತು, ಕೂಸು ಹಿಡಿದು ನೂಕಿಕೊಂಡು ನಡೆಯುವಂಥ ಮೂರು ಗಾಲಿಯ ಗಾಡಿ ಮಾಡಿದ. ಹಿಡಿಕೆಗೆ ಸಿಬಿರು ಇರಬಾರದೆಂದು ಒಡೆದ ಗಾಜಿನಿಂದ ಕೆರೆದು ಕೆರೆದು ಅವನ ಬೆರಳು ಕೊಯ್ದಿತ್ತು. ಸಂಜೆ ಓಣಿಯ ಜನ ಸೇರಿದ್ದರು. ಅಪ್ಪ ಬಸುವಿನ ಕೈಗಳನ್ನು ಹಿಡಿಕೆಯ ಮೇಲಿಟ್ಟು, ಹೆದರುತ್ತ ಬಿಟ್ಟ. ಎಷ್ಟೋ ವಾರಗಳಿಂದ ಮುಚ್ಚಿದ ಬಾಗಿಲ ಹಿಂದೆ ನಡೆದು ಪಳಗಿದ ಹುಡುಗ ಅವನು. ಗಾಡಿಯನ್ನು ಗಡಗಡ ನೂಕಿಕೊಂಡು ಓಣಿಯ ತುದಿಗೆ ಹೋದ, ಅಲ್ಲಿ ಗಾಡಿಯನ್ನು ಬಿಟ್ಟು ಬರಿಗೈಯಲ್ಲಿ ವಾಪಸು ಬಂದ. ಅಪ್ಪ ನೆಲದಲ್ಲೇ ಕೂತುಬಿಟ್ಟ.

"ಕುಂಟ ಅಂದ್ರೆಲ್ರಿ, ನೋಡ್ರಿ ಈಗ. ಬೇರಿಂಗ್ ಹಾಕಿ ಬಿಟ್ಟೀನಿ ನನ್ನ ಮಗಗ."

ಅವ್ವ ಬಾಯಿಗೆ ಸೆರಗು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅಂದೇ ಮಾದಲಿ ಮಾಡಿ ಓಣಿಯ ಮಕ್ಕಳಿಗೆಲ್ಲ ಹಂಚಿದಳು. ಗಾಡಿಗೆ ಹೆಸರು ಬಂತು. ಬಂಡ್ರಿಯಲ್ಲಿ ಯಾರ ಮನೆಯ ಕೂಸು ನಡೆಯಲು ತಡ ಮಾಡಿದರೂ ಅಪ್ಪನ ಗಾಡಿಯನ್ನು ಎರವಲು ಒಯ್ಯುವರು, ವಾಪಸು ಕೊಡುವಾಗ ಖಾಲಿ ಕೊಡಬಾರದೆಂದು ಅದರ ಮೇಲೆ ಒಂದು ಬೊಗಸೆ ಜೋಳ, ಬೆಲ್ಲದ ಚೂರು ಇಟ್ಟು ತರುವರು. ಈಗ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ಬಸು, ಮೊಮ್ಮಕ್ಕಳನ್ನು ಕಂಡವನು, ಇವತ್ತಿಗೂ ಆ ಗಾಡಿ ಇಲ್ಲದಿದ್ದರೆ ತಾನು ಕುಂಟನಾಗುತ್ತಿದ್ದೆ ಎಂದು ಎಲ್ಲರಿಗೂ ಹೇಳುತ್ತಾನೆ.

ಅಪ್ಪ ಮಾತು ತಪ್ಪುವವನಲ್ಲ. ಮರುದಿನವೇ ನನ್ನ ಪಾಟಿಚೀಲವನ್ನು ಹೆಗಲಿಗೆ ಹಾಕಿಕೊಂಡು ನನ್ನ ಕೈ ಹಿಡಿದು ಶಾಲೆಗೆ ಹೋದ. ಮಾಸ್ತರರು ಹೆಸರು ಹೋಗಿದೆ, ಮುಂದಿನ ವರ್ಷ ಸಣ್ಣವರ ಜೊತೆ ಕೂರಿಸೋಣ ಅಂದರು. ಅಪ್ಪ ದಾರಿಯುದ್ದಕ್ಕೂ ಚೀಲವನ್ನು ಹೆಗಲಿನಿಂದ ಇಳಿಸಲಿಲ್ಲ. ಮುಂದಿನ ವರ್ಷ ಬಂದಾಗ ಬಸು ಲಾರಿಗಳ ದಾರಿಗೆ ಓಡುವುದನ್ನು ಕಲಿತಿದ್ದ. ಸೊಂಟದ ಮೇಲಿನ ಕೂಸಿಗಿಂತ ಓಡುವ ಕೂಸಿಗೆ ಕಾವಲು ಜಾಸ್ತಿ ಬೇಕು ಅನ್ನುವುದು ಅಪ್ಪನಿಗೆ ಹೊಳೆದಿರಲಿಲ್ಲ. ನಾನು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಈ ಅಕ್ಷರಗಳನ್ನು ಎಷ್ಟೋ ವರ್ಷದ ಮೇಲೆ ಮಗನ ಪಾಟಿಯಲ್ಲಿ, ಅವನ ಜೊತೆ ತಿದ್ದಿ ಕಲಿತೆ. ನನ್ನ ಓದನ್ನು ನಾನೇ ಗುಡಿಸಿ ಹಾಕಿದೆ ಎಂದು ಐವತ್ತು ವರ್ಷಕ್ಕೂ ಮೇಲೆ ಒಬ್ಬಳೇ ತಿಳಿದುಕೊಂಡಿದ್ದೆ. ಗಂಡನಿಗೂ ಹೇಳಲಿಲ್ಲ. ಎಲ್ಲರೂ ಅಪ್ಪನ ಗಾಡಿಯ ಕಥೆ ಹೇಳಿ ನಗುವಾಗ ನಾನೂ ನಗುತ್ತಿದ್ದೆ, ನಕ್ಕು ಒಳಗೆ ಹೋಗಿ ಪಾತ್ರೆ ತೊಳೆಯುತ್ತಿದ್ದೆ.

ಅವ್ವ ಕೊನೆಯ ಕಾಲದಲ್ಲಿ ಇಲ್ಲಿ ನನ್ನ ಹತ್ತಿರವೇ ಇದ್ದಳು. ಅವಳು ಹೋಗಿ ಈಗ ಎರಡು ತಿಂಗಳು. ಅದಕ್ಕೆ ಸ್ವಲ್ಪ ಮೊದಲು ಮಗ ಸಾನ್ವಿಗೆಂದು ವಾಕರ್ ತರಿಸಿದ್ದ. ಸುತ್ತ ಗಾಲಿ, ನಡುವೆ ಕೂಸು, ಒತ್ತಿದರೆ ಹಾಡು. ಡಾಕ್ಟರು ಅದು ಕಾಲಿಗೆ ಒಳ್ಳೆಯದಲ್ಲ, ಬೇಡ ಅಂದರಂತೆ, ಮಗ ಮತ್ತೆ ಡಬ್ಬಿಗೆ ಹಾಕುತ್ತಿದ್ದ. ಅವ್ವ ಮಂಚದಿಂದ ಅದನ್ನೇ ನೋಡುತ್ತಿದ್ದಳು. ಅವನು ಹೊರಗೆ ಹೋದ, ಕೂಸು ನಿದ್ದೆ ಹೋಯಿತು. ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ನಾನು ಅವ್ವನ ಕಾಲು ಒತ್ತುತ್ತಿದ್ದೆ.

"ಬಸೂಗ ಗಾಡಿ ಮಾಡೋ ಮೊದಲ ಕಾಲು ಬಂದಿದ್ವು," ಅಂದಳು ಅವ್ವ.

ನನ್ನ ಕೈ ನಿಂತಿತು.

"ನೀ ಗೂಡಿಸಿರ್ತಿದ್ದಿ. ಜ್ವಾಳದ ಗಡಿಗಿ ಹಿಂದಿನವು ನಿನಗ ಕಾಣ್ತಿರಲಿಲ್ಲ. ಸಣ್ಣವು, ಐದೂ ಬಟ್ಟು ಮೂಡಿರ್ತಿದ್ವು. ಅವನ್ನ ನಾ ಗೂಡಿಸ್ತಿದ್ದೆ."

ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನನ್ನ ದನಿ ಎಂಟು ವರ್ಷದವಳ ದನಿಯಾಗಿತ್ತು.

"ಹೇಳಿದ್ರ ನೀ ಸಾಲಿಗಿ ಹೋಗ್ತಿದ್ದಿ. ನಡಿಯೋ ಕೂಸು, ಮುಂದ ಲಾರಿ ದಾರಿ. ಯಾರ ಕೈಯಾಗ ಕೊಟ್ಟು ಹೋಗ್ಲಿ? ನೀ ಯಾಕ ಮುಚ್ಚಿಡ್ತಿ ಅಂತ ನಾ ಕೇಳಲಿಲ್ಲ. ಕೇಳಿದ್ರ ನಂದೂ ಹೇಳಬೇಕಾಗ್ತಿತ್ತು."

ಸಿಟ್ಟು ಬರಬೇಕಿತ್ತು, ಒಂದಿಷ್ಟು ಬಂತು ಕೂಡ. ಅಷ್ಟು ಸಣ್ಣ ಕೋಣೆಯಲ್ಲಿ ಇಬ್ಬರು ಹೆಂಗಸರು, ಒಬ್ಬಳು ದೊಡ್ಡವಳು ಒಬ್ಬಳು ಸಣ್ಣವಳು, ಒಬ್ಬರಿಗೊಬ್ಬರು ಬೆನ್ನು ಮಾಡಿ ಒಂದೇ ಕೂಸಿನ ಹೆಜ್ಜೆ ಗುಡಿಸುತ್ತಿದ್ದೆವಲ್ಲ ಅನ್ನಿಸಿತು. ಯಾರಾದರೂ ಒಬ್ಬರು ಬಾಯಿ ಬಿಟ್ಟಿದ್ದರೆ ಶಾಲೆ ಉಳಿಯುತ್ತಿತ್ತೋ ಇಲ್ಲವೋ, ಅವಳ ಮಡಿಲಲ್ಲಿ ತಲೆ ಇಟ್ಟು ಒಂದು ಸಲ ಅಳುವುದಂತೂ ಆಗುತ್ತಿತ್ತು. ನಾನು ಮತ್ತೆ ಕಾಲು ಒತ್ತತೊಡಗಿದೆ. ಆಮೇಲೆ ಅವ್ವ, ಯಾವುದನ್ನೋ ಬೇಡುವವಳ ಹಾಗೆ, ಮೆಲ್ಲಗೆ ಕೇಳಿದಳು:

"ಮೊದಲನೇ ದಿನ ಎಷ್ಟು ಹೆಜ್ಜಿ ಹಾಕಿದ್ದ?"

"ನಾಕು."

"ಯಾವ ಕಾಲು ಮೊದಲು?"

ಬಲಗಾಲು ಅನ್ನಬೇಕೆಂದು ಬಾಯಿಗೆ ಬಂದಿತ್ತು, ಒಳ್ಳೆಯ ಕಾಲು. ಎಡಗಾಲು ಅಂದೆ.

"ನಾ ನೋಡಲೇ ಇಲ್ಲ, ನೀಲಿ. ಹೆಂಗ ಬಂದ, ತೋರ್ಸು."

ನಾನು ಎದ್ದೆ. ಅರವತ್ತು ದಾಟಿದ ಮೊಣಕಾಲು. ಕಿಟಕಿಯ ಕಂಬಿ ಹಿಡಿದು ನಿಂತು, ಕೈ ಬಿಟ್ಟೆ. ಎರಡೂ ತೋಳು ಅಗಲಿಸಿ, ಹೊಟ್ಟೆ ಮುಂದೆ ಮಾಡಿ, ಎಡಗಾಲಿಟ್ಟೆ. ಎರಡನೆಯದಕ್ಕೆ ವಾಲಿದೆ, ಅವನು ವಾಲಿದ್ದ. ಮೂರನೆಯದಕ್ಕೆ ನಿಂತು ಯೋಚನೆ ಮಾಡಿದೆ, ಅವನು ಮಾಡಿದ್ದ. ನಾಲ್ಕನೆಯದಕ್ಕೆ ಮಂಚದ ಮೇಲೆ, ಅವ್ವನ ಪಕ್ಕಕ್ಕೆ ಬಿದ್ದೆ. ಅವ್ವ ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. ಕಣ್ಣು ಒರೆಸಿಕೊಂಡಳು.

"ಇನ್ನೊಂದು ಸಲ," ಅಂದಳು.

ನಾನು ಮತ್ತೆ ಹೋಗಿ ಕಿಟಕಿಯ ಕಂಬಿ ಹಿಡಿದುಕೊಂಡೆ.